ಯಾರು ಬಡಿದರೂ ತೆಗೆಯಬಾರದು

"ಮೇಡಂ, ನೀವು ಸತ್ರಿ."

ಬಾಗಿಲು ತೆಗೆದ ರಂಗನಾಯಕಿಗೆ ಎದುರು ನಿಂತವನು ಹೇಳಿದ ಮೊದಲ ಮಾತೇ ಅದು. ಎತ್ತರದ ಆಳು, ಮಡಿಸಿದ ಅಂಗಿತೋಳು, ತುಟಿಯಂಚಿನಲ್ಲಿ ನಗು.

"ನಿಮ್ಮ ಹಿಂದೆ ಕೂತಿರೋ ಹುಡುಗೀರೂ ಸತ್ರು. ಉದ್ದ ಗಂಟೆ ಹೊಡೆದ ಮೇಲೆ ಯಾರು ಬಡಿದರೂ ತೆಗೀಬಾರ್ದು ಅಂತ ಹೇಳಿರಲಿಲ್ವಾ?"

"ಪ್ರಿನ್ಸಿಪಾಲರ ದನಿ ಕೇಳಿಸಿತು..."

"ಆ ದನಿ ಮಾಡಿದ್ದು ನಾನೇ."

ಹುಡುಗಿಯರು ಗೊಳ್ಳೆಂದು ನಕ್ಕರು. ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ರಂಗನಾಯಕಿಗೆ.

ಎಪ್ಪತ್ಮೂರನೇ ಇಸವಿ. ಹಿಂದಿನ ವರ್ಷದ ಮುಷ್ಕರದಲ್ಲಿ ಹೊರಗಿನವರು ಸೈಕಲ್ ಚೈನು ಹಿಡಿದು ತರಗತಿಗೇ ನುಗ್ಗಿದ್ದರು. ಅದಾದ ಮೇಲೆ ಮಂಡ್ಯದ ಆ ಕಾಲೇಜಿನ ಪ್ರತಿ ಕೋಣೆಗೂ ಒಳಗಿನಿಂದ ಕಬ್ಬಿಣದ ಅಗುಳಿ ಬಂತು. ಗಲಾಟೆ ಎದ್ದರೆ ಜವಾನ ಜವರಯ್ಯ ಬಿಡದೆ ಗಂಟೆ ಬಾರಿಸಬೇಕು, ಒಳಗಿದ್ದವರು ಅಗುಳಿ ಹಾಕಿ ಕೂರಬೇಕು. ಅವನು ಮತ್ತೆ ಬಿಟ್ಟು ಬಿಟ್ಟು ಬಾರಿಸುವ ತನಕ ದೇವರೇ ಬಂದು ಬಡಿದರೂ ತೆಗೆಯಕೂಡದು.

ಈ ಪಾಠ ಕಲಿಸುವ ಹೊಣೆ ಇತಿಹಾಸದ ಮೇಷ್ಟ್ರು ಸಿದ್ದರಾಮುವಿನದು. ಬೆಳಕವಾಡಿಯ ದೊಡ್ಡಬೀರಯ್ಯನ ಮಗ. ಆಗಾಗ ಸುಳ್ಳು ಗಂಟೆ ಹೊಡೆಸಿ, ಒಂದೊಂದು ಬಾಗಿಲ ಮುಂದೆ ಒಂದೊಂದು ವೇಷ ಕಟ್ಟುತ್ತಿದ್ದ. ಒಮ್ಮೆ ಮಗಳನ್ನು ಕರೆಯಲು ಬಂದ ಅಪ್ಪ, ಒಮ್ಮೆ ಅಳುವ ಮುದುಕಿ.

ರಂಗನಾಯಕಿ ಮತ್ತೆಂದೂ ತೆಗೆಯಲಿಲ್ಲ. ಸೋತವನು ಹೊರಗಿನಿಂದಲೇ ಮೆಲ್ಲಗೆ ಅನ್ನುತ್ತಿದ್ದ: "ಬದುಕಿದ್ರಿ ಮೇಡಂ."

ಆ ಒಂದು ಮಾತಿಗಾಗಿ ಕಾಯುವ ಅಭ್ಯಾಸ ಅವಳಿಗೆ ಯಾವಾಗ ಆಯಿತೋ...

ಸಂಜೆ ಅವಳು ಮದ್ದೂರಿನ ರೈಲು ಹತ್ತುವವರೆಗೂ ಅವನು ಜೊತೆಯಲ್ಲಿ ನಡೆದು ಬರುತ್ತಿದ್ದ. ಒಂದು ಸಂಜೆ ಸ್ಟೇಷನ್ನಿನ ಬೇವಿನ ಮರದಡಿ ನಿಂತು, ನಿಮ್ಮಮ್ಮನ ಹತ್ತಿರ ಬಂದು ಕೇಳಲೇ ಅಂದ. ಅಮ್ಮ ಪಂಕಜಮ್ಮನ ಮಡಿ, ನೆಂಟರ ಬಾಯಿ, ಎಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು. ನಾಳೆ ಹೇಳುತ್ತೇನೆ ಅಂದಳು. ರೈಲಿನಲ್ಲಿ ಕೂತ ಮೇಲೆ ಉತ್ತರ ಗೊತ್ತಿತ್ತು. ಹೂಂ ಅನ್ನಬೇಕು, ಅಷ್ಟೇ.

ಮರುದಿನ ಉದ್ದ ಗಂಟೆ ಹೊಡೆಯಿತು. ಈ ಸಲ ಸುಳ್ಳಲ್ಲ.

ಅವಳು ಅಗುಳಿ ಜಡಿದಳು. ಅಂಗಳದಲ್ಲಿ ಕೂಗಾಟ, ಸೋಡಾ ಬಾಟಲಿ ಒಡೆಯುವ ಸದ್ದು. ಆಮೇಲೆ ಬಾಗಿಲ ಮೇಲೆ ದಬದಬ ಏಟು.

"ರಂಗನಾಯಕಿ, ತೆಗೀರಿ. ನಾನು."

"ಸಾರು ಪರೀಕ್ಷೆ ಮಾಡ್ತಾವ್ರೆ ಕಣ್ರೇ, ತೆಗೀಬ್ಯಾಡಿ ಮೇಡಂ," ಅಂತ ಹಿಂದಿನ ಬೆಂಚಿನ ಹುಡುಗಿ ಕಿಸಕ್ಕನೆ ನಕ್ಕಳು.

ಅವಳ ಕೈ ಅಗುಳಿಯ ಮೇಲೇ ಇತ್ತು. ಅವನು ಯಾವತ್ತೂ ಬರಿ ಹೆಸರು ಹಿಡಿದು ಕರೆದವನಲ್ಲ... ಹುಡುಗಿಯರತ್ತ ಒಮ್ಮೆ ನೋಡಿದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಹೊರಗೆ ಗಾಜು ಒಡೆಯಿತು. ಆಮೇಲೆ ಸದ್ದಿಲ್ಲ. "ಬದುಕಿದ್ರಿ" ಅನ್ನುವವರು ಯಾರೂ ಇರಲಿಲ್ಲ.

ಸೋಡಾ ಬಾಟಲಿಯ ಚೂರು ಬಡಿದು ಸಿದ್ದರಾಮುವಿನ ಎಡಗಣ್ಣು ಹೋಯಿತು. ಮೈಸೂರಿನ ಆಸ್ಪತ್ರೆಗೆ ನೋಡಲು ಹೋದರೆ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಕೆಲಸ ಬಿಟ್ಟು ಊರು ಸೇರಿದ ಅಂತ ಆಮೇಲೆ ಗೊತ್ತಾಯಿತು.

ಇತ್ತ ಅವಳಿಗೆ ಹಾರ ಹಾಕಿದರು. ಹುಡುಗಿಯರನ್ನು ಉಳಿಸಿದ ಧೈರ್ಯಕ್ಕಂತೆ. ಅಧ್ಯಾಪಕರ ಕೋಣೆಯಲ್ಲೊಬ್ಬರು, ಅಯ್ಯಂಗಾರರ ಮನೆ ಬಾಗಿಲು ಕುರುಬರ ಹುಡುಗನಿಗೆ ಸುಮ್ಮನೆ ತೆರೆಯುತ್ತದೆಯೇ ಅಂತ ಆಡಿಕೊಂಡದ್ದೂ ಕಿವಿಗೆ ಬಿತ್ತು. ಪರೀಕ್ಷೆ ಅಂದುಕೊಂಡೆ, ಅದಕ್ಕೇ ತೆಗೆಯಲಿಲ್ಲ ಅಂತ ಎಲ್ಲರಿಗೂ ಹೇಳಿದಳು. ಹೇಳಿದಷ್ಟೂ ನಾಲಿಗೆ ಕಹಿಯಾಯಿತು.

ನಾಳೆ ಹೇಳುತ್ತೇನೆ ಅಂದ ಉತ್ತರ, ಮುಚ್ಚಿದ ಬಾಗಿಲೇ ಅಂತ ಅವನು ತಿಳಿದಿರಬೇಕು...

ಮನೆಯಲ್ಲಿ ಅವಳಿಗೆ ಬಾಗಿಲು ಹಾಕಲು ಕೈ ಬರುತ್ತಿರಲಿಲ್ಲ. "ಅಗುಳಿ ಹಾಕೇ, ನಾಯಿ ನುಗ್ಗುತ್ತೆ," ಅಂತ ಪಂಕಜಮ್ಮ ಗೊಣಗುತ್ತಿದ್ದರು. ಊಟ ಸೇರದು, ಪಾಠ ಹತ್ತದು. ಕೊನೆಗೊಂದು ಭಾನುವಾರ ಮಳವಳ್ಳಿಯ ಬಸ್ಸು ಹತ್ತಿ, ಅಲ್ಲಿಂದ ಬೆಳಕವಾಡಿಗೆ ಹೋಗಿ ಇಳಿದಳು.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ದೊಡ್ಡತಾಯಮ್ಮ ತಲೆ ಎತ್ತಿದಳು.

"ಬಾಗ್ಲು ತೆಗೀದೇ ಇದ್ದೋಳು ನೀನೇ ಏನವ್ವ?"

"ಹೌದಮ್ಮ."

ಮುದುಕಿ ಬಯ್ಯಲಿಲ್ಲ. ಒಳಕೋಣೆಯ ಕಡೆ ಗದ್ದ ಎತ್ತಿ ತೋರಿಸಿದಳು. "ಅಗುಳಿ ಆಕ್ಕೊಂಡು ಕುಂತವ್ನೆ. ನಾ ಕೂಗಿದ್ರೂ ತೆಗೆಯಾಕಿಲ್ಲ. ವಸಿ ನೀನೂ ಬಡ್ದು ನೋಡು. ಒರಗಡೆ ನಿಂತ್ಕಳದು ಎಂಗಿರ್ತದೆ ಅಂತ ಗೊತ್ತಾಯ್ತದೆ."

ಅವಳು ಬಡಿದಳು. ಒಳಗೆ ಚಾಪೆ ಸರಿದ ಸದ್ದು, ಅಷ್ಟೇ.

"ನಾನು, ರಂಗನಾಯಕಿ. ಪರೀಕ್ಷೆ ಅಂದುಕೊಂಡೆ ಅಂತ ಎಲ್ಲರಿಗೂ ಹೇಳಿದೀನಿ. ಸುಳ್ಳು. ನಿಮ್ಮ ದನಿ ಕೇಳಿದಾಗಲೇ ನಿಜ ಅಂತ ಗೊತ್ತಾಯ್ತು. ಗೊತ್ತಿದ್ದೂ ತೆಗೀಲಿಲ್ಲ."

ಮುದುಕಿಯ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತ್ತು.

"ಅದಕ್ಕಲ್ಲ ನಾನು ಮುಖ ತಿರುಗಿಸಿದ್ದು," ಅಂತ ಕೊನೆಗೆ ದನಿ ಬಂತು, ಬಾಗಿಲಿಗೆ ತೀರಾ ಹತ್ತಿರದಿಂದ. "ಯಾರು ಬಡಿದರೂ ತೆಗೀಬೇಡಿ ಅಂತ ಕಲಿಸಿದೋನು ನಾನು. ಭಯ ಬಿದ್ದು ನಾನೇ ಬಡಿದೆ. ನೀವು ತೆಗೆದಿದ್ರೆ ನನ್ನ ಹಿಂದೆ ಅವರೂ ನುಗ್ಗೋರು. ಅದು ಗೊತ್ತಿದ್ದೂ ಬಡಿದೆ, ರಂಗನಾಯಕಿ. ಯಾವ ಮುಖ ಇಟ್ಕೊಂಡು ನಿಮ್ಮನ್ನ ನೋಡ್ಲಿ?"

ಇಷ್ಟು ದಿನ ಅವಳು ಹೊತ್ತದ್ದೆಲ್ಲ ಅವನ ಕೋಪ. ಅವನಲ್ಲಿ ಇದ್ದದ್ದೋ ಬರೀ ನಾಚಿಕೆ... ಅವಳು ಬಾಗಿಲಿಗೆ ಹಣೆ ಒರಗಿಸಿದಳು.

"ಇರೋ ಮುಖಾನೇ ಸಾಕು. ಅವತ್ತಿನ ಉತ್ತರ ಬಾಕಿ ಇದೆ. ಹೂಂ ಅನ್ನೋಕೆ ಬಂದಿದೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ, ಒಪ್ತಾಳೋ ಇಲ್ವೋ. ನೀವು ತೆಗೀದೇ ಇದ್ದರೂ ನನ್ನ ಉತ್ತರ ಅದೇ."

ಅಗುಳಿ ಕಿರುಗುಟ್ಟಿತು. ಗಡ್ಡ ಬೆಳೆದ ಮುಖ, ಮುಚ್ಚಿಹೋದ ಎಡರೆಪ್ಪೆ. ಆ ಮುಖವನ್ನು ಅವನು ಪಕ್ಕಕ್ಕೆ ತಿರುಗಿಸಲು ಹೋದ. ಅವಳು ಅಂಗೈ ಒಡ್ಡಿ ತಡೆದಳು.

"ಸಾರ್," ಅಂದಳು, "ಬಾಗಿಲು ತೆಗೆದ್ರಿ. ನೀವು ಸತ್ರಿ."

"ಹೂಂ," ಅಂದ ಅವನು. "ಒಳಗೆ ಬನ್ನಿ."