ಗಿರಣಿ ಸದ್ದಿನೊಳಗೆ ಹೇಳಿದ ಮಾತು

"ಟಕ್!"

ಮಯೂರಿ ಸ್ವಿಚ್ ಕೆಳಗೆಳೆದಳು. ಗಡಗಡ ಅನ್ನುತ್ತಿದ್ದ ಹಿಟ್ಟಿನ ಗಿರಣಿ ಒಮ್ಮೆ ನಡುಗಿ, ದೊಡ್ಡದೊಂದು ಉಸಿರು ಬಿಟ್ಟು ನಿಂತಿತು. ಡಬ್ಬಿ ಸಾಲಾಗಿಟ್ಟು ಪಾಳಿಯಲ್ಲಿ ಕೂತಿದ್ದ ಹೆಂಗಸರೆಲ್ಲ ತಲೆ ಎತ್ತಿದರು.

"ಯಾರನ್ನ ಕೇಳಿ ವಿಡಿಯೊ ಮಾಡಾಕತ್ತೀರಿ?"

ಎದುರಿಗೆ ನಿಂತಿದ್ದವನ ಕಂಕುಳಲ್ಲಿ ಜೋಳದ ಡಬ್ಬಿ, ಕೈಯಲ್ಲಿ ಮೊಬೈಲ್. ಅವನ ಕಿವಿಯ ತುದಿ ಕೆಂಪಾಯಿತು.

"ಅಲ್ರಿ... ಆ ಕಿಟಕಿ ಬೆಳಕು ಹಿಟ್ಟಿನ ಧೂಳಿನ್ಯಾಗ ಬಿದ್ದಿತ್ತು. ಭಾಳ ಛಂದ ಕಾಣ್ತು, ಅದಕ್ಕ..."

"ಬೆಳಕಿನ ನಡುವ ನಾ ನಿಂತಿದ್ದು ಕಾಣಲಿಲ್ಲೇನು?"

"ಕಾಣ್ತು. ತಪ್ಪಾತ್ರಿ. ನೋಡ್ರಿ, ನಿಮ್ಮ ಮುಂದ ಅಳಸ್ತೇನಿ."

ಅಳಿಸಿ ತೋರಿಸಿದ. ಮಯೂರಿ ಗಿರಣಿ ಚಾಲೂ ಮಾಡಿದಳು. ಮತ್ತೆ ಅದೇ ಸದ್ದು. ಆ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳಿಸದು. ಹುಡುಗ ಧೈರ್ಯವಾಗಿ ಬಾಯೊಳಗೇ ಗೊಣಗಿಕೊಂಡ: "ಅಬ್ಬಾ! ಹಿಟ್ಟಿಗಿಂತ ಈಕಿನ ಬಿಸಿ!"

ಆ ತುದಿಯಿಂದ ಮಯೂರಿ ಬಾಗಿ ಕೂಗಿದಳು: "ಬಿಸಿ ಅನಸಿದ್ರ ದೂರ ನಿಂದರ್ರಿ!"

ಅವನ ಕೈಯಿಂದ ಡಬ್ಬಿ ಜಾರುವುದೊಂದು ಬಾಕಿ. ರೊಟ್ಟಿ ಮಾಡಿ ಮಾರುವ ರುಕ್ಮವ್ವ ಅವನ ಕಿವಿಗೇ ಬಾಯಿ ಹಚ್ಚಿ ನಕ್ಕಳು. "ಗಿರಣಿಯಾಗ ಹುಟ್ಟಿ ಬೆಳದಾಕಿ ತಮ್ಮಾ! ಆಕಿ ಕಿವಿ ಕಣ್ಣಾಗ ಅದಾವು. ತುಟಿ ಅಲುಗಿದ್ರ ಸಾಕು, ಎಲ್ಲಾ ತಿಳೀತೈತಿ. ಪಾಳಿ ಹಚ್ಚು ಸುಮ್ನ!"

ಅವನ ಹೆಸರು ಗೌತಮ. ಸಪ್ತಾಪುರದ ಆ ಓಣಿಯಲ್ಲೇ ಹೊಸದಾಗಿ ಬಾಡಿಗೆ ಕೋಣೆ ಹಿಡಿದಿದ್ದ. ಅಂಗಡಿಗಳಿಗೆ, ಶೋರೂಮುಗಳಿಗೆ ಮೊಬೈಲಿನಲ್ಲಿ ನೋಡುವ ಸಣ್ಣ ಸಣ್ಣ ಜಾಹೀರಾತಿನ ವಿಡಿಯೊ ಮಾಡಿಕೊಡುವುದು ಅವನ ಕೆಲಸ.

ಮಯೂರಿಯ ಗಿರಣಿಗೆ ಅಂಥ ಜಾಹೀರಾತೇನೂ ಇರಲಿಲ್ಲ. ಇದ್ದದ್ದು ಅಪ್ಪ ಹನುಮಪ್ಪ, ಹಳೆಯ ಯಂತ್ರ, ದಿನದಿನಕ್ಕೂ ಗಿಡ್ಡವಾಗುತ್ತಿದ್ದ ಪಾಳಿ. ಜನ ಪ್ಯಾಕೆಟ್ ಹಿಟ್ಟಿಗೆ ರೂಢಿಯಾಗಿದ್ದರು. ಯುಗಾದಿಯ ನಂತರ ಯಂತ್ರ ಮಾರಿಬಿಡೋಣ ಅಂತ ಹನುಮಪ್ಪ ತೀರ್ಮಾನಿಸಿದ್ದ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದ ಮಯೂರಿಗೆ ಎಲ್ಲಿಯಾದರೂ ಕೆಲಸ ಸಿಗುತ್ತಿತ್ತು. ಆದರೆ ಅವ್ವ ತೀರಿಕೊಂಡ ಮೇಲೆ ಆ ಸದ್ದೇ ಅವಳಿಗೆ ಮನೆಯಾಗಿತ್ತು. ಅದು ನಿಂತರೆ...? ನೆನೆದರೇ ಎದೆ ಬರಿದಾಗುತ್ತಿತ್ತು.

ಮುಂದಿನ ವಾರ ಡಬ್ಬಿ ಹಿಡಿದು ಬಂದ ಗೌತಮ ಹನುಮಪ್ಪನ ಮುಂದೆಯೇ ಕೂತ.

"ಕಾಕಾ, ನಿಮ್ಮ ಗಿರಣಿದು ವಿಡಿಯೊ ಮಾಡ್ತೇನ್ರಿ. ನನಗೇನೂ ಕೊಡಬ್ಯಾಡ್ರಿ. ಹಿಟ್ಟ ಬೀಸಿ ಕೊಡ್ರಿ ಸಾಕು."

"ನಮ್ಮ ಗಿರಣಿ ಯಾರ ನೋಡ್ತಾರೋ ಮಾರಾಯಾ?"

"ನಾ ನೋಡಿದೆನಲ್ರಿ."

ಆ ಮಾತು ಮಯೂರಿಗೆ ಎಲ್ಲೋ ತಾಗಿತು. ತೋರಿಸಿಕೊಳ್ಳಲಿಲ್ಲ.

"ಮಾಡ್ರಿ," ಅಂದಳು. "ಆದ್ರ ಒಂದ ಮಾತು. ನನ್ನ ಕೇಳದ ಏನೂ ಮಾಡಬಾರ್ದು."

"ಇಲ್ರಿ. ಖರೇ."

ಹೀಗೆ ಶುರುವಾಯಿತು. ಹನುಮಪ್ಪನ ಮೊಬೈಲನ್ನೇ ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ಗೌತಮ ಚಿತ್ರೀಕರಿಸುತ್ತಿದ್ದ. ಹನುಮಪ್ಪ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನುಣುಪು ನೋಡುವುದು. ರುಕ್ಮವ್ವ ರೊಟ್ಟಿ ಬಡಿಯುತ್ತ, "ಹಿಟ್ಟ ತಾಜಾ ಇದ್ರ ರೊಟ್ಟಿ ಹರಿಯಂಗಿಲ್ಲ, ಅತ್ತಿ ಸೊಸಿ ಜಗಳಾನೂ ಇರಂಗಿಲ್ಲ" ಅಂತ ಕಣ್ಣು ಹೊಡೆಯುವುದು!

ಗಿರಣಿಯಲ್ಲಿ ಒಂದೇ ತೊಂದರೆ. ಮೊಬೈಲ್ ಇಟ್ಟು ಕೈ ತೆಗೆಯುವಷ್ಟರಲ್ಲಿ ಕ್ಯಾಮೆರಾ ಕಣ್ಣಿನ ಮೇಲೆ ಹಿಟ್ಟು ಕೂರುತ್ತಿತ್ತು. ಗೌತಮ ರೆಕಾರ್ಡ್ ಒತ್ತಿದ ಮೇಲೆ ಮುಂದೆ ಬಂದು ಕರವಸ್ತ್ರದಿಂದ ಒರೆಸಿ ಪಕ್ಕಕ್ಕೆ ಸರಿಯುತ್ತಿದ್ದ. ಆಮೇಲೆ ಆ ಮೊದಲ ತುಣುಕು ಕತ್ತರಿಸಿ, ಉಳಿದದ್ದಕ್ಕೆ ಹಾಡು ಸೇರಿಸಿ, ಗಿರಣಿಯ ಹೆಸರಿನಲ್ಲಿ ತಾನೇ ತೆರೆದಿದ್ದ ಪೇಜಿಗೆ ಹಾಕುತ್ತಿದ್ದ.

ಜನ ನೋಡಿದರು. ನೋಡಿದವರು ಬಂದರು. ಹುಬ್ಬಳ್ಳಿ ಕಡೆಯ ವಿದ್ಯಾನಗರದಿಂದ, ಅಮರಗೋಳದಿಂದ ಚಿಗರಿ ಸಿಟಿ ಬಸ್ಸಿನಲ್ಲಿ ಡಬ್ಬಿ ಇಟ್ಟುಕೊಂಡು ಬಂದರು. "ಪಾರ್ಸೆಲ್ ಕಳಸ್ತೀರೇನ್ರಿ?" ಅಂತ ಫೋನು ಬಂದವು. ಪಾಳಿ ಗಿರಣಿಯ ಬಾಗಿಲು ದಾಟಿತು. ಯಂತ್ರ ಮಾರುವ ಮಾತನ್ನು ಹನುಮಪ್ಪ ಮರೆತೇಬಿಟ್ಟ.

ದಿನಾ ರಾತ್ರಿ ಕಣ್ಣು ಮುಚ್ಚುವಾಗ ಮಯೂರಿ ಅಂದುಕೊಳ್ಳುತ್ತಿದ್ದಳು... ನಾಳೆ ಅವರಿಗೆ ಒಂದು ಥ್ಯಾಂಕ್ಸ್ ಹೇಳಬೇಕು. ಬೆಳಗಾದರೆ ಅವನು ಎದುರಿಗೆ ಬಂದು ನಿಲ್ಲುತ್ತಿದ್ದ, ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಹೇಳಿದರೆ ಬರೀ ಥ್ಯಾಂಕ್ಸಿನಲ್ಲಿ ನಿಲ್ಲುತ್ತದೆಯೇ? ಅವನಂಥ ತಿಳಿದವನಿಗೆ ಹಿಟ್ಟು ಮೆತ್ತಿದ ತಾನು ಯಾವ ಲೆಕ್ಕ?

ಒಂದು ದಿನ ಅವಳು ಕ್ಯಾಮೆರಾ ನೋಡಿ ಹೇಳಿದಳು: "ಬಿಸಿ ಹಿಟ್ಟಿನ ಡಬ್ಬಿಗೆ ಲಗೂನ ಮುಚ್ಚಳ ಹಾಕಬ್ಯಾಡ್ರಿ. ಒಳಗ ಬೆವರತೈತಿ, ಹಿಟ್ಟ ಕೆಡತೈತಿ. ಮೊದಲ ಆರಾಕ ಬಿಡ್ರಿ." ಹೇಳುತ್ತ ಕೆನ್ನೆಯ ಹಿಟ್ಟು ಒರೆಸಲು ಹೋಗಿ ಇನ್ನಷ್ಟು ಮೆತ್ತಿಕೊಂಡು ನಕ್ಕುಬಿಟ್ಟಳು.

ಆ ನಗು ಊರೂರು ಸುತ್ತಿತು! ಲಕ್ಷಗಟ್ಟಲೆ ಜನ ನೋಡಿದರು. "ನಮ್ಮ ಅಜ್ಜಿನೂ ಹಿಂಗ ಹೇಳತಿದ್ಲು" ಅನ್ನುವಂಥ ಕಮೆಂಟುಗಳನ್ನು ಓದಿ ಮಯೂರಿಯ ಕಣ್ಣು ತುಂಬಿ ಬಂತು.

ಮರುದಿನ ಸಂಜೆ ನೋಡಿದರೆ, ಆ ವಿಡಿಯೊ ಇಲ್ಲ.

"ಯಾಕ ತಗದ್ರಿ?" ಗೌತಮ ಬಂದ ಕೂಡಲೇ ಕೇಳಿದಳು.

ಅವನು ನೆಲ ನೋಡಿದ. "ತಗಿಯೋದ ಛಲೋ ಇತ್ರಿ."

"ಯಾರಿಗೆ ಛಲೋ? ಗೋಕುಲ ರಸ್ತೆದ ಪ್ಯಾಕೆಟ್ ಹಿಟ್ಟಿನವ್ರು ಜಾಹೀರಾತು ಮಾಡಾಕ ನಿಮ್ಮನ್ನ ಕರದಾರಂತಲ್ಲ, ಅವರಿಗೇನು?"

ಅವನು ಥಟ್ಟನೆ ತಲೆ ಎತ್ತಿದ. ಏನೋ ಹೇಳಲು ತುಟಿ ಬಿಚ್ಚಿ ಮತ್ತೆ ಮುಚ್ಚಿದ. ಆ ಮೌನವೇ ಅವಳನ್ನು ಇನ್ನಷ್ಟು ಉರಿಸಿತು.

"ವಿಡಿಯೊದಾಗಿನ ಮುಖ ನಂದು, ಗಿರಣಿ ನಮ್ದು. ಕೇಳದ ಏನೂ ಮಾಡಂಗಿಲ್ಲ ಅಂದಿದ್ರಿ. ನಂಬಿದ್ದೆ... ಇನ್ನ ಬರಬ್ಯಾಡ್ರಿ."

"ಆತ್ರಿ."

ಅಷ್ಟೇ. ಪೇಜಿನ ಪಾಸ್‌ವರ್ಡ್ ಹನುಮಪ್ಪನಿಗೆ ಹೇಳಿ ಹೊರಟುಹೋದ. ತಿಂಗಳ ಕೊನೆಗೆ ಕೋಣೆಯನ್ನೂ ಖಾಲಿ ಮಾಡಿ ಹುಬ್ಬಳ್ಳಿ ಸೇರಿದನೆಂದು ಸುದ್ದಿ ಬಂತು. ಮಯೂರಿ ಆ ದಿನ ಗೋಧಿ ಬೀಸುತ್ತಿರುವಾಗಲೇ ಜೋಳ ಸುರಿದು ರುಕ್ಮವ್ವನಿಂದ ಬೈಸಿಕೊಂಡಳು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಗಿರಣಿ ಗಪ್ಪಾಯಿತು. ಹೊಸ ವಿಡಿಯೊ ಹಾಕಿ ಬಹಳ ದಿನವಾಗಿದೆ, ಹಳೆಯದರಲ್ಲಿ ಏನಾದರೂ ಸಿಗಬಹುದೇನೋ ಅಂತ ಅವಳು ಅಪ್ಪನ ಮೊಬೈಲ್ ತೆಗೆದು ಕೂತಳು. ಕತ್ತರಿಸದ ತುಣುಕುಗಳೆಲ್ಲ ಅದರಲ್ಲೇ ಇದ್ದವು.

ಮೊದಲನೆಯದು. ಪರದೆ ತುಂಬ ಬಿಳಿ ಮಬ್ಬು. ಕರವಸ್ತ್ರ ಬಂದು ಒರೆಸಿತು. ಗೌತಮನ ಮುಖ, ಹತ್ತಿರದಲ್ಲಿ. ಹಿಂದೆ ದೂರದಲ್ಲಿ ಅವಳ ಬೆನ್ನು. ಅವನು ಓರೆಯಾಗಿ ಅವಳತ್ತ ನೋಡಿದ. ಗಡಗಡ ಸದ್ದಿನ ಅಡಿಯಲ್ಲಿ ತುಟಿ ಅಲುಗಿತು.

ಮಯೂರಿ ತುಣುಕನ್ನು ಹಿಂದಕ್ಕೆಳೆದು ಮತ್ತೆ ನೋಡಿದಳು.

'ಇವತ್ತ ಹೇಳೇಬಿಡ್ತೇನಿ ಮಯೂರಿ.'

ಅವಸರದಿಂದ ಇನ್ನೊಂದು ತೆರೆದಳು.

'ಇವತ್ತ ಬ್ಯಾಡ. ಸಿಟ್ಟಿನ್ಯಾಗ ಅದೀರಿ. ನಾಳಿ.'

ಇನ್ನೊಂದು.

'ನಾಳಿ ಅಂದಿದ್ದೆ... ಅಂಜಿಕಿ ಬರತೈತಿ. ನೀವು ನಕ್ಕೊಂತ ಇರ್ರಿ, ಸಾಕು. ನಾ ಹಿಂಗ ಹಿಟ್ಟ ಒರಸ್ಕೊಂತ ಇರ್ತೇನಿ.'

ಅಯ್ಯೋ ಮಾರಾಯಾ! ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತಾನು ತುಟಿ ಓದುತ್ತೇನೆಂದು ಗೊತ್ತಿದ್ದೇ, ತನ್ನ ಬೆನ್ನು ನೋಡಿ ನೋಡಿ ಮಾತಾಡಿದ್ದಾನೆ!

ಕೊನೆಯದು, ವಿಡಿಯೊ ಅಳಿಸಿದ ದಿನ ಬೆಳಿಗ್ಗೆಯದು. ಮುಖದಲ್ಲಿ ನಗುವಿರಲಿಲ್ಲ. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

'ಅಳಸಿ ಅಳಸಿ ಸಾಕಾತ್ರಿ. ನಿಮ್ಮ ಬಗ್ಗೆ ಎಂಥೆಂಥಾ ಹೊಲಸ ಕಮೆಂಟ್ ಬರಿಯಾಕತ್ತಾರ. ನಿಮ್ಮ ಕಣ್ಣಿಗೆ ಬೀಳೂದ್ರಾಗ ವಿಡಿಯೊನ ತಗದಬಿಡ್ತೇನಿ. ಎಲ್ಲಾ ನನ್ನಿಂದ ಆಗಿದ್ದು. ಇನ್ನ ಯಾವ ಬಾಯಿಲೆ ನಿಮಗ ಹೇಳ್ಲಿ...'

ಮಯೂರಿ ಮೊಬೈಲನ್ನು ಎದೆಗೊತ್ತಿಕೊಂಡು ಕೂತುಬಿಟ್ಟಳು. ಹನುಮಪ್ಪ ಮಗಳ ಪಕ್ಕ ಬಂದು ಕೂತ. ಅವನಿಗೂ ತುಟಿ ಓದಲು ಬರುತ್ತಿತ್ತು. ಹೆಗಲ ಮೇಲಿಂದ ಎಲ್ಲ ನೋಡಿದ್ದ.

"ಅಪ್ಪಾ... ನನಗ ಗೊತ್ತಾಗವಲ್ದು. ಅವರು ನಮ್ಮ ಗಿರಣಿ ಉಳಿಸಿದ್ರು. ಇದು ಬರೇ ಆ ಉಪಕಾರದ ನೆನಪಾಗಿದ್ರ? ಅದನ್ನ ನಾ ಬ್ಯಾರೆ ಏನೋ ಅಂತ ತಿಳ್ಕೊಂಡಿದ್ರ?"

ಹನುಮಪ್ಪ ಮಗಳ ಹೆಗಲ ಮೇಲೆ ಕೈಯಿಟ್ಟ.

"ನಮಗ ಉಪಕಾರ ಮಾಡಿದವ್ರು ಭಾಳ ಮಂದಿ ಅದಾರವ್ವಾ. ರುಕ್ಮವ್ವ ಒಂದ ದಿನಾನೂ ನಮ್ಮ ಪಾಳಿ ಬಿಡಲಿಲ್ಲ. ಆಕಿ ದಾರಿ ಹಿಂಗ ನೋಡತಿಯೇನು? ಓಣಿ ತಿರುವಿನ್ಯಾಗ ಹೆಜ್ಜಿ ಸಪ್ಪಳ ಆದ್ರ ಸಾಕು, ಹೊರಗ ಇಣುಕತಿ."

ಮಯೂರಿ ಮುಖ ಮುಚ್ಚಿಕೊಂಡಳು.

"ಥ್ಯಾಂಕ್ಸ್ ಹೇಳೂದಿದ್ರ ಹೇಳು. ಇನ್ನೊಂದ ಹೇಳೂದಿದ್ರ ಅದನ್ನೂ ಹೇಳು. ಎರಡನ್ನೂ ಒಂದ ಡಬ್ಬಿಗೆ ತುಂಬಬ್ಯಾಡ."

ಫಕ್ಕನೆ ಕರೆಂಟ್ ಬಂತು. ಗಿರಣಿ ಗುಡುಗಿತು.

ಅವಳು ಎದ್ದಳು. ಮೊದಲು, ಗೌತಮ ತೆಗೆದುಹಾಕಿದ್ದ ತನ್ನ ನಗುವಿನ ವಿಡಿಯೊವನ್ನು ಹುಡುಕಿ ಮತ್ತೆ ಪೇಜಿಗೆ ಹಾಕಿದಳು. ಕೆಳಗೆ ಬರೆದಳು: "ಹಳ್ಳು-ಕಲ್ಲು ಬಂದ್ವು ಅಂತ ಯಾರೂ ಜ್ವಾಳ ಚೆಲ್ಲಂಗಿಲ್ರಿ, ಆರಿಸಿ ಒಗೀತೇವಿ. ಹೊಲಸ ಬರಿಯೋರನ್ನೂ ಹಂಗ ಒಗೀತೇನಿ."

ಆಮೇಲೆ ಮೊಬೈಲನ್ನು ಸ್ಟ್ಯಾಂಡಿಗಿಟ್ಟು, ತಾನೇ ಕ್ಯಾಮೆರಾ ಕಣ್ಣು ಒರೆಸಿ, ಗಡಗಡ ಸದ್ದಿನ ನಡುವೆ ಅದರ ಮುಂದೆ ನಿಂತು ಏನೋ ಹೇಳಿದಳು. ಒಂದಕ್ಷರವೂ ಕೇಳಿಸಲಿಲ್ಲ. ಹಾಡು ಸೇರಿಸದೆ, ಹಾಗೆಯೇ ಹಾಕಿ ಬರೆದಳು: "ಕೇಳಸಬೇಕಾದವ್ರು ಬಂದ ಮ್ಯಾಲೆ ಗಿರಣಿ ಬಂದ್ ಮಾಡಿ ಹೇಳ್ತೇನಿ."

ಕಮೆಂಟುಗಳ ಸುರಿಮಳೆ! "ಹಿಟ್ಟಿನ ರೇಟ್ ಕಡಿಮಿ ಆತೇನಕ್ಕಾ?" "ಸೋಮವಾರ ರಜಾ ಐತಂತ!" "ನಮ್ಮ ಮನಿಯವ್ರು ಹತ್ತ ಸಲ ನೋಡ್ಯಾರ, ತಿಳೀವಲ್ದು!"

ಮರುದಿನ ಬೆಳಿಗ್ಗೆ ಪಾಳಿಯನ್ನು ಸೀಳಿಕೊಂಡು ಒಬ್ಬ ಓಡಿಬಂದ. ಚಿಗರಿ ಬಸ್ಸಿಳಿದು ನಿಲ್ಲದೆ ಓಡಿದ್ದನೇನೋ, ಏದುಸಿರು ಬಿಡುತ್ತಿದ್ದ.

"ಏ ತಮ್ಮಾ, ಡಬ್ಬಿ ಎಲ್ಲಿ? ಪಾಳಿ ಹಚ್ಚು!" ರುಕ್ಮವ್ವ ಗದರಿದವಳು, ಮುಖ ನೋಡಿ ಬೇಗನೆ ಪಕ್ಕಕ್ಕೆ ಸರಿದಳು. "ಹೋಗಪಾ ಹೋಗು. ನಿನ್ನ ಪಾಳಿ ಯಾವಾಗೋ ಬಂದೈತಿ."

ಗೌತಮ ಅವಳೆದುರು ನಿಂತ. ಗಿರಣಿ ಗಡಗಡ ಅನ್ನುತ್ತಿತ್ತು. "ಏನಂದ್ರಿ ಅದರಾಗ?" ಅಂತ ಕೂಗಿದ. "ನನಗ ತುಟಿ ಓದಾಕ ಬರಂಗಿಲ್ರಿ!"

ಮಯೂರಿ ಅಪ್ಪನ ಮೊಬೈಲ್ ಹಿಡಿದು ತೋರಿಸಿದಳು. ಬಿಳಿ ಮಬ್ಬು, ಕರವಸ್ತ್ರ, ಅವನದೇ ಮುಖ, ಅವನದೇ ತುಟಿ.

ಅವನ ಕಿವಿಯ ತುದಿ ಕೆಂಪಾಯಿತು. ಮೊದಲ ದಿನದ ಹಾಗೆ.

"ಎಲ್ಲಾ... ನೋಡಿದ್ರೇನು?" ಸದ್ದಿನಲ್ಲಿ ಕೇಳಿಸದಿದ್ದರೂ ಅವಳಿಗೆ ಕಂಡಿತು. ಹೌದೆಂದು ತಲೆಯಾಡಿಸಿದಳು.

"ಆ ಪ್ಯಾಕೆಟ್ ಹಿಟ್ಟಿನವ್ರಿಗೆ ನಾ ಅವತ್ತ ಒಲ್ಲೆ ಅಂದಿದ್ದೆ. ಆದ್ರ ವಿಡಿಯೊ ತಗಿಯೂ ಮುಂದ ನಿಮ್ಮನ್ನ ಕೇಳಬೇಕಿತ್ತು. ನೀವು ನೊಂದ್ಕೊಂಡೀರಿ ಅಂತ ನಾನ ತೀರ್ಮಾನ ಮಾಡಿಬಿಟ್ಟೆ. ತಪ್ಪು ನಂದು."

ಮಯೂರಿ ಕೈಸನ್ನೆ ಮಾಡಿದಳು... ಹಾಗಾದರೆ ಈಗ ಕೇಳ್ರಿ.

ಅವನು ಒಮ್ಮೆ ಹಿಂದೆ ನೋಡಿದ. ಇಡೀ ಪಾಳಿ ಅವನನ್ನೇ ನೋಡುತ್ತಿತ್ತು. ಮತ್ತೆ ಅವಳತ್ತ ತಿರುಗಿ, ದನಿಯೇ ಇಲ್ಲದೆ ತುಟಿಯಲ್ಲಷ್ಟೇ ಕೇಳಿದ. ಈ ಸಲ ಅವಳ ಬೆನ್ನಿಗಲ್ಲ, ಕಣ್ಣಿಗೆ.

'ನನ್ನ ಜೋಡಿ ಜೀವನ ಮಾಡ್ತೀರೇನ್ರಿ?'

ಮಯೂರಿಯ ತುಟಿಯೂ ಅಲುಗಿತು. ಅವನು ಗಾಬರಿಯಿಂದ ಮುಂದೆ ಬಾಗಿದ. "ಏನು? ತಿಳೀಲಿಲ್ರಿ! ಇನ್ನೊಮ್ಮೆ!"

"ಟಕ್!"

ಗಿರಣಿ ನಿಂತಿತು. ಓಣಿಯೆಲ್ಲ ನಿಶ್ಶಬ್ದ.

"ಎರಡ ಮಾತು ಹೇಳಿದ್ದೆ," ಅಂದಳು ಮಯೂರಿ. "ಒಂದು, ಥ್ಯಾಂಕ್ಸ್. ಯಾರೂ ನಮ್ಮ ಕಡೆ ನೋಡದಾಗ ನೀವು ನೋಡಿದ್ರಿ. ಇಷ್ಟ ದಿನ ಹೇಳಬೇಕು ಹೇಳಬೇಕು ಅಂತ ಗಂಟಲಾಗ ಇಟ್ಕೊಂಡಿದ್ದೆ. ಇನ್ನೊಂದು..."

"ಇನ್ನೊಂದು?"

"ಹೂಂ ಅಂದೆ. ಥ್ಯಾಂಕ್ಸಿಗೆ ಅಲ್ಲ, ನಿಮಗ. ನೀವು ಕೇಳೂಕಿಂತ ಮೊದಲ, ನಿನ್ನೆನ, ಎಲ್ಲಾರ ಮುಂದ ಹೇಳಿಟ್ಟೇನಿ. ಯಾರಿಗೂ ತಿಳೀಲಿಲ್ಲ, ನಿಮಗೂ ತಿಳೀಲಿಲ್ಲ."

ಗೌತಮ ಮುಖ ತುಂಬ ನಕ್ಕ. ಹಿಂದಿನಿಂದ ರುಕ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂಗಿದಳು: "ಮುಚ್ಚಳ ತಗದ್ರಲ್ಲ, ಛಲೋ ಆತು! ಇಲ್ಲಂದ್ರ ಇಬ್ಬರೂ ಒಳಗ ಬೆವತು ಕೆಡತಿದ್ರಿ!"

ಪಾಳಿಯೆಲ್ಲ ಗೊಳ್ಳೆಂದು ನಕ್ಕಿತು. ಹನುಮಪ್ಪ ಕಣ್ಣಿಗೆ ಹಿಟ್ಟು ಬಿತ್ತೆಂದು ಗೋಡೆ ಕಡೆ ತಿರುಗಿದ.

ಕಿಟಕಿಯಿಂದ ಬಿಸಿಲ ಕೋಲೊಂದು ಇಳಿದು ಅವರಿಬ್ಬರ ನಡುವಿನ ಧೂಳಿನಲ್ಲಿ ಹೊಳೆಯಿತು. ಗೌತಮನ ಕೈ ರೂಢಿಯಂತೆ ಜೇಬಿನ ಮೊಬೈಲಿಗೆ ಹೋಯಿತು. ಅಲ್ಲಿಯೇ ನಿಂತಿತು.

"ಮಯೂರಿ... ಒಂದ ವಿಡಿಯೊ ಮಾಡ್ಲೇನ್ರಿ?"

ಅವಳು ಅವನ ಕೆನ್ನೆಯ ಮೇಲಿನ ಹಿಟ್ಟನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು.

"ಕೇಳಿದ್ದಕ್ಕ ಥ್ಯಾಂಕ್ಸ್," ಅಂದಳು. "ಬ್ಯಾಡ. ಇದೊಂದು ನಮ್ಮಿಬ್ಬರಿಗೇ ಇರ್ಲಿ."