ಗೋದಾಮಿನೊಳಗಿನ ಐದು ದೀಪ

ಕರ್ರ್... ಕರ್ರ್...

ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆ. ಯಾರೋ ಅದನ್ನು ಸಿಮೆಂಟ್ ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದರು. ಬರುತ್ತಿದ್ದುದು ನಮ್ಮ ಕಡೆಗೇ!

ಹೊರಗೆ ಶಿಗ್ಗಾಂವದ ಮಟಮಟ ಮಧ್ಯಾಹ್ನ. ಹೈವೇ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಶಟರ್ ಎಳೆದ ಗೋವಿನಜೋಳದ ಗೋದಾಮಿನಲ್ಲಿ ಮಾತ್ರ ನನ್ನ ಕೈ ನನಗೇ ಕಾಣದಷ್ಟು ಕತ್ತಲೆ.

ಸುಳ್ಳು ಯಾಕೆ ಹೇಳಲಿ? ಹೆದರಿದ್ದೆ.

ಗೋಡೆಗೆ ಹತ್ತಿಸಿ ಪೇರಿಸಿದ ಚೀಲಗಳ ಸಾಲಿನ ಮೇಲೇರಿ ಅಡಗಿದ್ದೆವು. ನನ್ನ ಪಕ್ಕ ತನುಜಾ. ಇಲ್ಲಿ ತೂಕ ಬರೆಯುವ ಹುಡುಗಿ. ಕಲಬೆರಕೆ ಬೀಜದ ಚೀಲಗಳ ಫೋಟೊ ತೆಗೆದಳೆಂದು ಬೆಳಗ್ಗೆಯೇ ಫೋನ್ ಕಸಿದು, ಕೈ ಕಟ್ಟಿ ಕೂಡಿಹಾಕಿದ್ದರು. ಫೋಟೊ ಇದ್ದ ಮೆಮೊರಿ ಕಾರ್ಡು ಮಾತ್ರ ಅವಳ ಮುಷ್ಟಿಯಲ್ಲಿತ್ತು. ಮಗಳು ಫೋನ್ ಎತ್ತುತ್ತಿಲ್ಲವೆಂದು ಅವಳ ಅವ್ವ ಸರೋಜವ್ವ ಸವಣೂರಿನ ನನ್ನ ಅಂಗಡಿಗೆ ಬಂದು ಅತ್ತಿದ್ದಳು. ಅಂಗಡಿಯ ಬೋರ್ಡು ಕ್ಯಾಮೆರಾ ರಿಪೇರಿಯದು. ಕಾಣೆಯಾದವರನ್ನು ಹುಡುಕುವುದು ಬೋರ್ಡಿನಲ್ಲಿಲ್ಲದ ಕಸುಬು.

ಹಮಾಲರು ಊಟಕ್ಕೆ ಹೋದಾಗ ಒಳಗೆ ನುಸುಳಿದ್ದೆ. ಅವಳ ಹಗ್ಗ ಕೊಯ್ದೆ, ಅಷ್ಟೇ. ಯಾರೋ ಒಳಗಿನಿಂದಲೇ ಶಟರ್ ಧಡ್ಡನೆ ಎಳೆದರು. ನನ್ನ ಫೋನು ಬೈಕಿನ ಬ್ಯಾಗಿನಲ್ಲಿ!

ಜೇಬಿನಲ್ಲಿದ್ದದ್ದು ಮಕ್ಕಳ ಆಟಿಕೆ ಕ್ಯಾಮೆರಾ. ಲೆನ್ಸಿನ ಹಿಂದೆ ಇನ್‌ಫ್ರಾರೆಡ್ ಬೆಳಕು ತಡೆಯುವ ಸಣ್ಣ ಗಾಜು ಇರುತ್ತದೆ. ಬ್ಲೇಡಿನಿಂದ ಅದನ್ನು ಕಿತ್ತು, ಟಿವಿ ರಿಮೋಟಿನ ಮೂತಿಯಲ್ಲಿರುವಂಥ ಎಲ್‌ಇಡಿ ದೀಪ ಆರನ್ನು ಸುತ್ತ ಬೆಸೆದಿದ್ದೆ. ಕಣ್ಣಿಗೆ ಕಾಣದ ಬೆಳಕು. ಕ್ಯಾಮೆರಾಕ್ಕೆ ಹಗಲು.

ಒತ್ತಿದೆ. ಸ್ಕ್ರೀನಿನಲ್ಲಿ ಬೂದು ಚೀಲಗಳು... ಅವುಗಳಾಚೆ ಬಿಳಿ ಚುಕ್ಕಿಗಳ ಒಂದು ಉಂಗುರ!

ಎಣಿಸಿದೆ. ಐದು. ಆರನೆಯದು ಹತ್ತಿರಲಿಲ್ಲ.

ಅದೂ ನನ್ನದರಂಥದೇ ಕ್ಯಾಮೆರಾ. ಆ ಕೆಟ್ಟ ಬೆಸುಗೆ ನನ್ನದೇ. ಹೊಲಕ್ಕೆ ಹಂದಿ ಬರುತ್ತವೆಂದು ಮೊನ್ನೆ ಅಂಥದೇ ಒಂದನ್ನು ಮಾಡಿಸಿಕೊಂಡು ಹೋದವನು ಗುದ್ಲೆಪ್ಪ. ಈ ಗೋದಾಮಿನ ಮಾಲೀಕ.

ತಕ್ಷಣ ನನ್ನದನ್ನು ಆರಿಸಿದೆ. ತಡವಾಗಿತ್ತು.

"ಕಾಣಾಕತ್ತೀಯಪಾ," ಎಂದ ಗುದ್ಲೆಪ್ಪ. "ಕಾರ್ಡ್ ಒಗಿ, ಬಿಡ್ತೇನಿ."

"ಕೊಡಬ್ಯಾಡ್ರಿ ಅಣ್ಣಾರ," ತನುಜಾ ಕಿವಿಯಲ್ಲಿ ಉಸುರಿದಳು. "ಕೊಟ್ಟರೂ ಬಿಡಂಗಿಲ್ಲ ಅಂವ."

ಕಾರ್ಡನ್ನು ಮುಷ್ಟಿಯಲ್ಲಿ ಇನ್ನಷ್ಟು ಬಿಗಿಹಿಡಿದಳು.

ಆಗ ನೆನಪಾಯಿತು... ಸೆಲ್!

ಹೊಸ ಸೆಲ್ಲಿನ ರೊಕ್ಕ ತೆಗೆದುಕೊಂಡು ನಾನು ಅವನ ಕ್ಯಾಮೆರಾಕ್ಕೆ ಹಾಕಿದ್ದು ಗೋಡೆ ಗಡಿಯಾರದಿಂದ ತೆಗೆದ ಹಳೆಯವು. ಹತ್ತು ನಿಮಿಷಕ್ಕಿಂತ ಹೆಚ್ಚು ಬಾಳುವಂಥವಲ್ಲ.

ಕರ್ರ್... ಕರ್ರ್...

ನನ್ನ ಎಲ್‌ಇಡಿಯ ತಂತಿ ಕಿತ್ತು, ಅಂಗೈ ಮರೆಮಾಡಿ ಸ್ಕ್ರೀನನ್ನಷ್ಟೇ ಹಚ್ಚಿದೆ. ಐದು ಚುಕ್ಕಿ ಇಪ್ಪತ್ತು ಹೆಜ್ಜೆ ದೂರ. ಹತ್ತು ಹೆಜ್ಜೆ. ಉಸಿರು ಬಿಗಿಹಿಡಿದೆ. ಐದು ಹೆಜ್ಜೆ... ಚುಕ್ಕಿಗಳು ಮಂಕಾದವು. ಮಿನುಗಿದವು. ಆರಿದವು!

ಕೊಕ್ಕೆಯ ಸದ್ದು ನಿಂತಿತು. ಕ್ಯಾಮೆರಾವನ್ನು ಅಂಗೈಗೆ ಬಡಿಯುವ ಸದ್ದು. ಒಂದು ಬೈಗುಳ.

ಅವನು ನಿಂತದ್ದು ನಮ್ಮ ಚೀಲಗಳ ಸಾಲಿನ ಬುಡದಲ್ಲೇ. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಕಾಲಿನಿಂದ ಮೇಲಿನ ಚೀಲಗಳನ್ನು ಶಕ್ತಿಯೆಲ್ಲ ಹಾಕಿ ಅವನ ಮೇಲೆ ಒದ್ದೆವು.

ಹಮಾಲರು ಬಂದು ಶಟರ್ ಎತ್ತಿದಾಗ ಚೀಲಗಳಡಿಯಿಂದ ಗುದ್ಲೆಪ್ಪನ ತಲೆಯಷ್ಟೇ ಹೊರಗಿತ್ತು. ತನುಜಾ ಅವರದೇ ಫೋನಿನಿಂದ ಪೊಲೀಸರಿಗೆ ಹೇಳಿದಳು, ಆಮೇಲೆ ಅವ್ವನಿಗೆ.

"ಹೊಸಾ ಸೆಲ್ ಅಂತ ರೊಕ್ಕ ತಗೊಂಡಿದ್ದೆಲ್ಲೋ," ಎಂದು ಗುದ್ಲೆಪ್ಪ ನರಳಿದ.

"ತಗೊಂಡೇನಿ," ಎಂದೆ. "ಬಿಲ್ ತಗೊಂಡು ಬಾ, ಬದಲಿ ಮಾಡಿ ಕೊಡ್ತೇನಿ."