ಕಾರಿನ ನೆಲದಲ್ಲೊಂದು ತೂತು

ಅವಳು ಮೊದಲು ಕಂಡಿದ್ದು ಅವರ ಮುಖವನ್ನಲ್ಲ, ಕಾಲನ್ನು.

ಹಳೇ ಹಸಿರು ಕಾರಿನ ಅಡಿಯಲ್ಲಿ ಮಲಗಿ, ನೆಲವನ್ನು ತುಕ್ಕು ಎಲ್ಲಿಯವರೆಗೆ ತಿಂದಿದೆ ಎಂದು ಅವಳು ಕುಟ್ಟಿ ನೋಡುತ್ತಿದ್ದಳು. ಅಷ್ಟರಲ್ಲಿ ಯಾರೋ ಕಾರೊಳಗೆ ಹತ್ತಿ ಕೂತರು. ಪರಪರ ಸದ್ದಾಯಿತು, ತುಕ್ಕಿನ ಪುಡಿ ಸುರಿಯಿತು, ಪಾಲಿಶ್ ಮಾಡಿದ ಕರಿ ಬೂಟೊಂದು ನೆಲ ತೂರಿ ಬಂದು ಅವಳ ಮೂಗಿನಿಂದ ಎರಡೇ ಬೆರಳು ದೂರದಲ್ಲಿ ನಿಂತಿತು.

"ಅಯ್ಯೋ… ಕೆಳಗೆ ಯಾರಾದ್ರೂ ಇದ್ದೀರಾ?"

"ಇದ್ದೀನಿ. ಇನ್ನೆರಡು ಬೆರಳು ಇಳಿದಿದ್ರೆ ಇರ್ತಿರಲಿಲ್ಲ. ಅಲ್ಲಾಡ್ಬೇಡಿ, ತಗಡು ಕಾಲು ಕುಯ್ಯುತ್ತೆ."

ಅವಳು ಲೇಸು ಬಿಚ್ಚಿ ಪಾದವನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು. ಬೂಟು ಅವಳ ಕೈಯಲ್ಲೇ ಉಳಿಯಿತು. ತೂತಿನಿಂದ ಗಾಬರಿಬಿದ್ದ ಒಂದು ಕನ್ನಡಕ ಇಣುಕಿತು. ಶಾಲೆಯಲ್ಲಿ ಚಿತ್ರ ಕಲಿಸುವ, ಇನ್ನೂ ಮೂವತ್ತು ತುಂಬದ ಮೇಷ್ಟ್ರು. ಕಾರು ಅವರ ಅಜ್ಜನದಂತೆ.

ಗ್ಯಾರೇಜು ಅವಳ ದೊಡ್ಡಪ್ಪನದು. "ಈ ಮೇಷ್ಟ್ರು ಬಾಯ್ತುಂಬ ಚೆನ್ನಾಗಿದೆ ಅಂದ್ರೆ ವೆಲ್ಡಿಂಗ್ ಕೆಲಸ ಪೂರ್ತಿ ನಿನ್ನ ಕೈಗೆ. ಇಲ್ಲಾಂದ್ರೆ ನಮ್ಮ ಹಳೇ ವೆಲ್ಡರ್‌ನೇ ಕರೀತೀನಿ" ಎಂದಿದ್ದ. ಬೆಂಕಿಯ ಕೆಲಸ ಎಂದರೆ ಪ್ರಾಣ ಬಿಡುವವಳಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ?

ತುಕ್ಕು ತಿಂದ ಭಾಗವನ್ನೆಲ್ಲ ಅವಳು ಕತ್ತರಿಸಿ ತೆಗೆದಳು. ಹೊಸ ತಗಡು ಬೆಸೆದು, ತುಕ್ಕು ತಡೆಯುವ ಬಣ್ಣ ಬಳಿದಳು. ಅದರ ಮೇಲೆ ಸದ್ದು ಹೀರುವ ದಪ್ಪ ಕರಿ ಹಾಳೆಗಳನ್ನು ಬಿಸಿ ಮಾಡಿ, ರೋಲರಿನಿಂದ ಒತ್ತಿ ಒತ್ತಿ ಅಂಟಿಸಿದಳು. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

"ಒಂದು ಗೆರೆ ನೇರ ಎಳೆಯೋಕೆ ನನಗೆ ಸ್ಕೇಲ್ ಬೇಕು. ನೀವು ಬೆಂಕೀಲೇ ಎಳೀತೀರಲ್ರೀ!"

ವೆಲ್ಡಿಂಗ್ ಮುಖವಾಡದೊಳಗೆ ಅವಳು ನಕ್ಕಿದ್ದು ಅವರಿಗೆ ಕಾಣಲಿಲ್ಲ.

ಕಾರು ಹೋಯಿತು. ಎರಡೇ ದಿನಕ್ಕೆ ವಾಪಸ್ ಬಂತು.

"ಹಿಂದಿನ ಸೀಟಿನ ಹತ್ರ ಏನೋ ಟಕಟಕ ಅನ್ನುತ್ತೆ" ಎಂದರು ಮೇಷ್ಟ್ರು, ಕಣ್ಣು ತಪ್ಪಿಸಿ.

ಅವಳು ಹಾಳೆ ಕಿತ್ತು ಮತ್ತೆ ಅಂಟಿಸಿದಳು. ಮುಂದಿನ ವಾರ ಮತ್ತದೇ ದೂರು. ಮತ್ತೆ ಕಿತ್ತಳು. ಮೂರನೇ ಸಲವೂ ಹಸಿರು ಕಾರು ಗೇಟಿನೊಳಗೆ ಬಂದಾಗ ಅವಳ ಕಣ್ಣು ತುಂಬಿತು. 'ನನ್ನ ಕೆಲಸದ ಮೇಲೆ ಇವರಿಗೆ ನಂಬಿಕೆಯೇ ಇಲ್ಲ… ಅಷ್ಟು ಹೊಗಳಿದ್ದೆಲ್ಲ ಬರೀ ಬಾಯಿಮಾತೇ?'

"ದೊಡ್ಡಪ್ಪಾ, ನೆಲ ಸರಿಯಾಗಿದೆ. ಸದ್ದಿರೋದು ಅವರ ಕಿವೀಲಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾಳೆ ಹಳೇ ವೆಲ್ಡರ್ ಬರ್ತಾನೆ, ನೀನು ಕೈ ತೊಳ್ಕೋ."

ಉಳಿದದ್ದು ಇವತ್ತೊಂದೇ ದಿನ. ಅವಳು ಕಾರ್ಪೆಟ್ ಸುತ್ತಿಟ್ಟು, ಮೇಷ್ಟ್ರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಜು ಏರಿಸಲು ಹೇಳಿದಳು. "ಕೆಳಗಿಂದ ಕುಟ್ತೀನಿ. ಟಕಟಕ ಕೇಳಿಸಿದ ಕಡೆ ಕಾಲಲ್ಲಿ ಒದೀರಿ."

ನೀರು ಬಸಿದುಹೋಗಲೆಂದು ಕಾರಿನ ನೆಲದಲ್ಲೊಂದು ಪುಟ್ಟ ತೂತಿರುತ್ತದೆ, ಅದಕ್ಕೊಂದು ರಬ್ಬರ್ ಬಿರಡೆ; ಅಷ್ಟು ಜಾಗಕ್ಕೆ ಮಾತ್ರ ಅವಳು ಹಾಳೆ ಅಂಟಿಸಿರಲಿಲ್ಲ. ಅದೇ ಸಡಿಲವಾಗಿರಬಹುದೇ ಎಂದು ಅವಳು ಬಿರಡೆ ಕಿತ್ತು ನೋಡುತ್ತಿದ್ದಳು. ಆಗ ಮೇಲಿನಿಂದ ಮಾತು ಕೇಳಿಸಿತು. ಗಾಜು ಮುಚ್ಚಿದೆ, ನೆಲದ ತುಂಬ ಹಾಳೆಯಿದೆ, ಇನ್ನಾರಿಗೆ ಕೇಳಿಸೀತು ಎಂದು ಮೇಷ್ಟ್ರು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರು.

"ಒಂದು ಚೂರೂ ಸದ್ದಿಲ್ಲ. ಮೊದಲ ದಿನದಿಂದಲೂ ಇರಲಿಲ್ಲ. ಹೇಗಪ್ಪಾ ಹೇಳೋದು? ನಿಮ್ಮನ್ನ ನೋಡೋಕೆ ನೆಪ ಬೇಕಿತ್ತು ಅಂದ್ರೆ ಕಾರು ಸಮೇತ ಅಟ್ತಾರೆ. ನೀವಂದ್ರೆ ನಂಗೆ ತುಂಬಾ ಇಷ್ಟ… ಥೂ, ಪಾಠ ಒಪ್ಪಿಸಿದ ಹಾಗಾಯ್ತು."

ಅವಳಿಗೆ ಖುಷಿ ಉಕ್ಕಿ ಬಂತು. ಅದರ ಹಿಂದೆಯೇ, ಕಿತ್ತ ಹಾಳೆಗಳೆಲ್ಲ ನೆನಪಾಗಿ ಸಿಟ್ಟೂ ಬಂತು. ಅವಳು ತೂತಿಗೆ ಬಾಯಿ ಹಚ್ಚಿದಳು.

"ಮೇಷ್ಟ್ರೇ, ಆ ಕೊನೇ ಮಾತು ಇನ್ನೊಂದ್ಸಲ ಹೇಳಿ. ಸರಿಯಾಗಿ ಕೇಳಿಸ್ಲಿಲ್ಲ."

ಮೇಷ್ಟ್ರ ತಲೆ ಕಾರಿನ ಚಾವಣಿಗೆ ದಢ್ ಎಂದು ಬಡಿಯಿತು.

ಅವರು ಇಳಿದು, ಬಿಳಿ ಅಂಗಿಯಲ್ಲೇ ಎಣ್ಣೆ ನೆಲದ ಮೇಲೆ ಅವಳ ಪಕ್ಕ ಬಗ್ಗಿದರು. "ಎಲ್ಲಾ ಕೇಳಿಸ್ತಾ?"

"ಎಲ್ಲಾ. ನಿಮ್ಮ ಈ ನೆಪದಿಂದ ನಾಳೆ ನನ್ನ ಕೆಲಸ ಹೋಗುತ್ತೆ. ಅದು ಗೊತ್ತಾ ನಿಮಗೆ?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಎದ್ದು ಸೀದಾ ದೊಡ್ಡಪ್ಪನ ಮುಂದೆ ಹೋಗಿ ನಿಂತರು. ಅವಳೂ ಕಾರಿನಡಿಯಿಂದ ಹೊರಬಂದಳು.

"ಸಾರ್, ಟಕಟಕ ಸುಳ್ಳು. ಹೇಳಿದವನು ನಾನು. ಇವರ ಕೆಲಸಕ್ಕೆ ಬೆರಳು ತೋರಿಸೋ ಹಾಗಿಲ್ಲ."

"ಮತ್ಯಾಕೆ ಮೂರು ಸಲ ಬಂದ್ರಿ?"

ಮೇಷ್ಟ್ರು ಅವಳ ಕಡೆ ನೋಡಿದರು. ದೊಡ್ಡಪ್ಪನೂ ಅವಳ ಕಡೆ ನೋಡಿದ. ಆಮೇಲೆ ಹಳೇ ವೆಲ್ಡರ್‌ಗೆ ಫೋನ್ ಮಾಡಿ, "ನಾಳೆ ಬರೋದು ಬೇಡಪ್ಪಾ, ಇಲ್ಲಿ ನಮ್ಮ ಹುಡುಗಿ ಇದ್ದಾಳೆ" ಎಂದು ಹೇಳಿ, ಇಲ್ಲದ ಕೆಲಸ ನೆನಪಿಸಿಕೊಂಡು ಆಚೆ ನಡೆದ.

"ಕ್ಷಮಿಸ್ತೀರಾ?" ಎಂದರು ಮೇಷ್ಟ್ರು.

ಅವಳು ರೋಲರನ್ನು ಅವರ ಕೈಗಿತ್ತಳು. "ಕಿತ್ತೂ ಕಿತ್ತೂ ಹಿಂದಿನ ಹಾಳೆಯ ಅಂಚು ಎದ್ದಿದೆ, ನೀವೇ ಅಂಟಿಸಿ. ಆಮೇಲೆ ನೋಡೋಣ."

"ನಾಳೆಯಿಂದ ಬರೋಕೆ ನೆಪ ಇಲ್ವಲ್ಲ…"

"ನೆಪ ಯಾಕೆ? ಸುಮ್ನೆ ಬನ್ನಿ."

ಮೇಷ್ಟ್ರು ರೋಲರನ್ನು ಕೆಳಗಿಟ್ಟರು. "ಕೇಳಿಸ್ಲಿಲ್ಲ ಅಂದ್ರಲ್ಲ, ಆ ಮಾತು ಈಗ ಹೇಳ್ಲಾ?"

ಅವಳು ಬಿರಡೆಯನ್ನು ಜೇಬಿಗೆ ಹಾಕಿಕೊಂಡಳು. ಮುಖವಾಡ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು. ಈ ಸಲ ಅವಳು ನಕ್ಕಿದ್ದು ಅವರಿಗೆ ಚೆನ್ನಾಗಿ ಕಂಡಿತು.

"ಹೇಳಿ. ಮೆಲ್ಲಗೆ ಹೇಳಿದ್ರೂ ಸಾಕು."